ಶಿವರಾತ್ರಿ ಕಳೆದ ಮೇಲೆ ಬಿದ್ದ ಹಿಮ

ಕ್ರಿಸ್ಟಲ್‌ಳ ಮದುವೆಯ ಊಟ ತಟ್ಟೆಗೆ ಮೂವತ್ತೆಂಟು ಪೌಂಡ್ ಬಿದ್ದಿತ್ತು. ನಾಲ್ಕು ತಟ್ಟೆ ಮಾತ್ರ ಐವತ್ತೈದರವು. ಆ ನಾಲ್ಕಕ್ಕೆ ಬೇರೆ ಅಡುಗೆಯವನು, ಬೇರೆ ಒಲೆ, ಅಂಗಡಿಯಿಂದ ಹೊಸದಾಗಿ ತಂದ ಪಾತ್ರೆ, ಹೊಸ ಸೌಟು. ಅವು ನನ್ನ, ನನ್ನ ಹೆಂಡತಿ ಪಾರ್ವತೆವ್ವನ, ಮಗ ಅಮರನ ಮತ್ತು ಸೊಸೆ ಅಂಕಿತಾಳ ತಟ್ಟೆಗಳು. ನಾವು ನಾಲ್ವರೂ ಮನೆಯಲ್ಲಿ ರೊಟ್ಟಿ ತಿಂದು ಹೋಗಿದ್ದೆವು. ಉಡುಗೊರೆ ಕೊಟ್ಟು, ಫೋಟೊಕ್ಕೆ ನಿಂತು, "ನಮ್ಮದು ಊಟ ಆಗೈತಿ" ಎಂದು ಹೇಳಿ ಎದ್ದು ಬಂದೆವು. ಇನ್ನೂರಿಪ್ಪತ್ತು ಪೌಂಡಿನ ಊಟ ಮೇಜಿನ ಮೇಲೆ ತಣ್ಣಗಾಯಿತು. ಕ್ರಿಸ್ಟಲ್‌ಳ ತಂದೆ ರೋಬರ್ಟ್ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟ.

ಈ ಲೆಕ್ಕ ನನಗೆ ತಿಳಿದದ್ದು ಎರಡು ವರ್ಷ ತಡವಾಗಿ, ಈ ಮಾರ್ಚಿನಲ್ಲಿ. ಗಂಡಸರು ಮಾತು ಬಿಟ್ಟರೂ ಹೆಂಗಸರು ಬಿಟ್ಟಿರಲಿಲ್ಲ. ರೋಬರ್ಟನ ಹೆಂಡತಿ ಅನ್ನೆಟ್ ಮತ್ತು ಪಾರ್ವತೆವ್ವ ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡುತ್ತಾರೆ. ಅನ್ನೆಟ್ ಮನೆ ಖಾಲಿ ಮಾಡಲು ಸಾಮಾನು ಕಟ್ಟುತ್ತಿದ್ದಳು. ಕ್ರಿಸ್ಟಲ್‌ಗೆ ಮಗುವಾಗಿದೆ, ರೋಬರ್ಟ್, ಅನ್ನೆಟ್ ಇಬ್ಬರೂ ಬ್ರಿಸ್ಟಲ್‌ಗೆ ಮಗಳ ಹತ್ತಿರ ಹೋಗಿ ನೆಲೆಸುವವರಿದ್ದರು. ಡ್ರಾಯರಿನಲ್ಲಿ ಒಂದು ಸುರುಳಿ ಹಸಿರು ಚೀಟಿ ಸಿಕ್ಕಿತಂತೆ. ಅದನ್ನು ಹಿಡಿದುಕೊಂಡು ಅನ್ನೆಟ್ ಫೋನಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು.

ಹಸಿರು ಚೀಟಿಯ ವಿಷಯ ಹೇಳಬೇಕು. ನಾನೂ ರೋಬರ್ಟನೂ ಇಪ್ಪತ್ತಾರು ವರ್ಷ ಹೀಥ್ರೋ ಹತ್ತಿರ, ವಿಮಾನಗಳಿಗೆ ಊಟ ಕಟ್ಟುವ ಒಂದು ದೊಡ್ಡ ಅಡುಗೆಮನೆಯಲ್ಲಿ ಕೆಲಸ ಮಾಡಿದವರು. ನಾನು ತಟ್ಟೆಗಳನ್ನು ಗಾಡಿಗೆ ತುಂಬುವವನು. ಅವನು ಸಸ್ಯಾಹಾರಿ ಊಟದ ತಟ್ಟೆಗಳನ್ನು ಪರೀಕ್ಷೆ ಮಾಡಿ ಹಸಿರು ಚೀಟಿ ಅಂಟಿಸುವವನು. ತಾನು ಹಂದಿಮಾಂಸ ಪ್ರೀತಿಯಿಂದ ತಿನ್ನುವವನಾದರೂ ಅವನ ಕೈಯಿಂದ ಒಂದು ತಟ್ಟೆಯೂ ತಪ್ಪಾಗಿ ಹೋದದ್ದಿಲ್ಲ. ಮಗಳ ಮದುವೆಯ ದಿನ ನಮ್ಮ ನಾಲ್ಕು ತಟ್ಟೆಗೂ ತಾನೇ ಕೂತು ಹಸಿರು ಚೀಟಿ ಅಂಟಿಸಿದ್ದನಂತೆ. ನಾವು ಆ ಮೇಜಿನವರೆಗೂ ಹೋಗಲಿಲ್ಲ.

ನಾನು ಸೊಕ್ಕಿನಿಂದ ಮಾಡಿದ್ದಲ್ಲ ಅದು. ನಾವು ವಿಜಯಪುರದ ಕಡೆಯ ಲಿಂಗಾಯತರು, ಮಾಂಸ ಮುಟ್ಟುವುದಿಲ್ಲ. ಅವನು ಉಡುಪಿ ಕಡೆಯ ಕೆಥೊಲಿಕ. ಇಂಥ ಕಡೆ ಮದುವೆಗೆ ಹೋಗುವಾಗ ನನ್ನ ತಂದೆ ಮನೆಯಲ್ಲಿ ಎರಡು ರೊಟ್ಟಿ ತಿಂದೇ ಹೊರಡುತ್ತಿದ್ದ. ಅಲ್ಲಿ ಹೋಗಿ ಇದು ಬೇಡ ಅದು ಬೇಡ ಎಂದು ಮದುವೆ ಮನೆಯವರ ಮುಖ ಸಣ್ಣದು ಮಾಡಬಾರದು ಎಂಬುದು ಅವನ ಮಾತು. ನಾನೂ ಹಾಗೇ ಮಾಡಿದೆ, ಅದನ್ನೇ ಮರ್ಯಾದೆ ಎಂದುಕೊಂಡೆ. ಅಷ್ಟು ವರ್ಷದ ಗೆಳೆಯನಿಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ವಿಷಯ ತಿಳಿದ ಮೇಲೂ ವಾರವಿಡೀ ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಬರುವ ಶುಕ್ರವಾರ ಅವರ ಸಾಮಾನು ಹೊರಡುವುದಿತ್ತು.

ಆಗ ಹಿಮ ಬಿತ್ತು.

ಮಾರ್ಚ್ ತಿಂಗಳ ಕೊನೆಯ ಶನಿವಾರ. ಉಗಾದಿ ಕಳೆದು ವಾರವಾಗಿತ್ತು. ಬೆಳಿಗ್ಗೆ ಪಾರ್ವತೆವ್ವ ಪರದೆ ಸರಿಸಿ ಕರೆದಳು.

"ರೀ, ಏಳ್ರಿ. ನಿಮ್ಮ ಶಿವಾ ಏನ್ ಮಾಡ್ಯಾನ ನೋಡ್ರಿ."

"ಏನ್ ಮಾಡ್ಯಾನ?"

"ಊರ ತುಂಬ ಸ್ನೋ ಸುರುವ್ಯಾನ."

ಅವಳು ಚುಚ್ಚಿದ್ದು ನನಗೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಮೂವತ್ತು ವರ್ಷದಿಂದ ನಾನು ಶಿವರಾತ್ರಿಯ ಮರುದಿನ ಬೂಟು, ದಪ್ಪ ಕೋಟು, ಕೈಗವಸು ಎಲ್ಲ ಕಟ್ಟಿ ಅಟ್ಟಕ್ಕೆ ಹಾಕುತ್ತೇನೆ. ಮೂವತ್ತು ವರ್ಷದಲ್ಲಿ ಲಂಡನ್ನಿನ ಚಳಿ ಈ ಮಾತನ್ನು ಕೇಳಿದ್ದು ನಾಲ್ಕೈದು ಸಲ ಇರಬಹುದು. "ನಿನ್ನ ಶಿವನಿಗೆ ಇನ್ನೂ ಇಂಗ್ಲೆಂಡಿನ ವೀಸಾ ಸಿಕ್ಕಿಲ್ಲ ಮಾರಾಯ" ಎಂದು ರೋಬರ್ಟ್ ನಗುತ್ತಿದ್ದ.

ಕಿಟಕಿಯಿಂದ ನೋಡಿದೆ. ಎದುರುಮನೆಯ ಚೆರ್ರಿ ಮರ ಹೂಬಿಟ್ಟಿತ್ತು, ಆ ಹೂವಿನ ಮೇಲೇ ಹಿಮ ಕೂತಿತ್ತು. ಡ್ಯಾಫೊಡಿಲ್ ಹೂಗಳು ನೆಲಕ್ಕೆ ತಲೆ ಹಚ್ಚಿದ್ದವು. ನಿಂತ ಕಾರುಗಳು ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ. ಹಿಮ ಬೀಳುವುದು ನಿಂತು ಬಿಸಿಲು ಸಣ್ಣಗೆ ಮೂಡುತ್ತಿತ್ತು. ಗಡಿಯಾರ ನೋಡಿದೆ.

ಯಾಕೆಂದರೆ ಹಿಮ ಬಿದ್ದರೆ ನನಗೂ ರೋಬರ್ಟನಿಗೂ ಒಂದು ಮಾತಿತ್ತು. ೨೦೦೯ರ ಫೆಬ್ರುವರಿಯಲ್ಲಿ ಒಂದು ರಾತ್ರಿ ಹಿಮ ಬಿದ್ದು ಲಂಡನ್ನಿನ ಬಸ್ಸೆಲ್ಲ ನಿಂತವು. ಬೇರೆಯವರು ಮನೆಯಲ್ಲೇ ಉಳಿದರು. ನಾವಿಬ್ಬರು ಮೂಢರು, ಸಂಬಳ ಹಿಡಿದಾರೆಂದು ಅಕ್ಸ್‌ಬ್ರಿಡ್ಜ್‌ನಿಂದ ನಡೆದು ಕೆಲಸಕ್ಕೆ ಹೋದೆವು. ಗೇಟಿನವನು ನಮ್ಮನ್ನು ನೋಡಿ ನಕ್ಕ. ವಿಮಾನವೇ ಹಾರುತ್ತಿಲ್ಲ, ಊಟ ಯಾರಿಗೆ? ತಿರುಗಿ ನಡೆದು ಬಂದೆವು. ಬಂದವರು ಮನೆಗೆ ಹೋಗದೆ ಕಾಲುವೆಯ ದಂಡೆ ಹಿಡಿದು ಡೆನ್ಹ್ಯಾಮ್ ಲಾಕಿನವರೆಗೆ ಹೋದೆವು. ಲಾಕ್ ಎಂದರೆ ದೋಣಿಗಳನ್ನು ಏರಿಸಿ ಇಳಿಸುವ ನೀರಿನ ಬಾಗಿಲು. ಅಲ್ಲಿಯ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದೆವು. ನನ್ನ ರೊಟ್ಟಿ ಅವನು ತಿಂದ, ಅವನ ಡಬ್ಬಿಯಲ್ಲಿದ್ದ ಬಾಳೆಹಣ್ಣು ನಾನು ತಿಂದೆ. ಅಂದು ಗೊತ್ತುಮಾಡಿಕೊಂಡೆವು, ಇನ್ನು ಯಾವಾಗ ಹಿಮ ಬಿದ್ದರೂ ಬೆಳಿಗ್ಗೆ ಒಂಬತ್ತಕ್ಕೆ ಕಾಲುವೆಯ ಸೇತುವೆ ಹತ್ತಿರ. ಫೋನು ಬೇಡ, ಕೇಳುವುದು ಬೇಡ. ಬುತ್ತಿ ನನ್ನದು, ಫ್ಲಾಸ್ಕಿನ ಚಹಾ ಅವನದು.

ಮಾತು ಬಿಟ್ಟ ಈ ಎರಡು ವರ್ಷ ನೆಲದ ಮೇಲೆ ನಿಲ್ಲುವಂಥ ಹಿಮ ಬಿದ್ದಿರಲಿಲ್ಲ. ಅದಕ್ಕೇ ಆ ಮಾತು ಮುರಿದಿದೆಯೋ ಉಳಿದಿದೆಯೋ ಇಬ್ಬರಿಗೂ ಗೊತ್ತಿರಲಿಲ್ಲ.

"ಬುತ್ತಿ ಕಟ್ಟು" ಎಂದೆ.

ಪಾರ್ವತೆವ್ವ ಯಾರಿಗೆ, ಎಲ್ಲಿಗೆ ಎಂದು ಕೇಳಲಿಲ್ಲ. "ಬೂಟಿಗೆ ಏನ್ ಮಾಡ್ತೀರಿ? ಅಟ್ಟಕ್ಕ ಹತ್ತಾಕ ಏಣಿ ಇಲ್ಲ. ಅಮರ ಕೊಲಿಂಡೇಲ್‌ಗೆ ಒಯ್ದಾನಲ್ಲ, ಫ್ಲ್ಯಾಟಿಗೆ ಪರದೆ ಹಾಕ್ತೀನಂತ."

"ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಅದಾವೇನ?"

ಎರಡು ಕಾಲುಚೀಲ, ಅದರ ಮೇಲೆ ಬ್ರೆಡ್ಡಿನ ಚೀಲ, ಅದರ ಮೇಲೆ ದಿನದ ಶೂ. ನೀರು ಒಳಗೆ ಬರುವುದಿಲ್ಲ, ನೋಡುವವರಿಗೆ ನಗು ಬರುತ್ತದೆ. ಬುತ್ತಿಗೆ ಎಂಟು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬಟ್ಟೆಯಲ್ಲಿ ಗಂಟು ಹಾಕಿ ಕೈಗೆ ಕೊಟ್ಟಳು.

"ಬರ್ತಾನಂತೀಯೇನ?" ಎಂದು ಬಾಗಿಲಲ್ಲಿ ನಿಂತು ಕೇಳಿದೆ.

"ನಾ ಏನ್ ಹೇಳ್ಲಿ? ಬರಲಿಲ್ಲಂದ್ರ ಎಂಟೂ ನೀವ ತಿಂದ ಬರ್ರಿ. ತಿರುಗಿ ಮಾತ್ರ ತರಬ್ಯಾಡ್ರಿ."

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಸೇತುವೆ ಹತ್ತಿರ ನಿಂತಿದ್ದೆ. ಕಾಲುವೆಯ ನೀರು ಕಪ್ಪಗೆ ನಿಂತಿತ್ತು, ಎರಡು ದಂಡೆಯೂ ಬೆಳ್ಳಗೆ. ಕಟ್ಟಿದ್ದ ಉದ್ದ ದೋಣಿಗಳ ಕೊಳವೆಯಿಂದ ಸೌದೆಯ ಹೊಗೆ ಬರುತ್ತಿತ್ತು. ಆ ವಾಸನೆಗೆ ನಮ್ಮ ಊರಿನ ಮುಂಜಾವು ನೆನಪಾಗುತ್ತದೆ, ಅವ್ವ ಒಲೆ ಹಚ್ಚಿದ ಹೊತ್ತು. ಇಬ್ಬರು ಹೆಣ್ಣುಮಕ್ಕಳು ಅಡುಗೆಮನೆಯ ದೊಡ್ಡ ಟ್ರೇ ಹಿಡಿದುಕೊಂಡು ದಿಬ್ಬ ಹುಡುಕುತ್ತ ಓಡಿದರು. ಒಬ್ಬಾತ ನಾಯಿಯನ್ನು ಎಳೆದುಕೊಂಡು ಹೋದ, ನಾಯಿಗೆ ಮುಂದೆ ಹೋಗಲು ಮನಸ್ಸಿಲ್ಲ, ಹಿಮದಲ್ಲಿ ಹೊರಳುವ ಆಸೆ.

ಒಂಬತ್ತಾಯಿತು. ಒಂಬತ್ತೂ ಇಪ್ಪತ್ತಾಯಿತು. ಮನೆಗೆ ಫೋನು ಮಾಡಿದೆ.

"ಬಂದಿಲ್ಲ" ಎಂದೆ.

"ಎಂಟಕ್ಕ ಮನಿ ಬಿಟ್ಟಾನಂತ. ಅನ್ನೆಟಕ್ಕ ಈಗ ಹೇಳಿದ್ಲು. ತಿಂಡಿ ಇಟ್ರ ತಿನ್ನಲಿಲ್ಲಂತ. ಫ್ಲಾಸ್ಕ್ ತುಂಬಿಸಿಕೊಂಡು ಹಂಗ ಹೋದನಂತ."

"ಹೋದದ್ದೆಲ್ಲಿ?"

"ನನ್ನ ಕೇಳಿದ್ರ? ನಿಮ್ಮ ಕಾಲಾಗ ನೋಡ್ರಿ, ಸ್ನೋ ಬಿದ್ದೈತಿ."

ನೋಡಿದೆ. ನಾನು ನಿಂತಲ್ಲೇ, ನನ್ನ ಶೂ ಪಕ್ಕದಲ್ಲೇ, ಹೆಜ್ಜೆ ಇದ್ದವು. ದಂಡೆಯ ದಾರಿ ಹಿಡಿದು ಉತ್ತರಕ್ಕೆ ಹೋಗಿದ್ದವು. ಎಡಗಾಲು ನೆಟ್ಟಗೆ, ಬಲಗಾಲಿನ ತುದಿ ಹೊರಗೆ ತಿರುಗಿದ್ದು. ಹದಿನೈದು ವರ್ಷದ ಹಿಂದೆ ಊಟದ ಗಾಡಿಯೊಂದು ರೋಬರ್ಟನ ಬಲಪಾದದ ಮೇಲೆ ಹಾದಿತ್ತು, ಅಂದಿನಿಂದ ಆ ಕಾಲು ಹಾಗೇ ಬೀಳುತ್ತದೆ. ಕಳೆದುಹೋದ ಎತ್ತಿನ ಗೊರಸು ನೋಡಿ ಎಷ್ಟು ಹೊತ್ತಾಯಿತು, ಕುಂಟುತ್ತಿದೆಯೋ ಇಲ್ಲವೋ ಎಂದು ನನ್ನ ತಂದೆ ಕರಿಮಣ್ಣಿನ ಮೇಲೆ ಬಗ್ಗಿ ಹೇಳುತ್ತಿದ್ದ. ನಾನೂ ಬಗ್ಗಿ ನೋಡಿದೆ. ಹೆಜ್ಜೆಯ ಅಂಚು ಆಗಲೇ ಕರಗತೊಡಗಿತ್ತು. ಅರ್ಧ ತಾಸಿನ ಮೇಲಾಗಿದೆ. ಸೇತುವೆ ಹತ್ತಿರ ಬಹಳ ಹೊತ್ತು ನಿಂತಿದ್ದ, ಅಲ್ಲಿ ಹಿಮ ತುಳಿದು ನೆಲ ಕಂಡಿತ್ತು. ಆಮೇಲೆ ಮುಂದೆ ಹೋಗಿದ್ದ.

ನಾನು ಅವನ ಹೆಜ್ಜೆಯ ಪಕ್ಕದಲ್ಲೇ ನಡೆದೆ. ಅದೆಷ್ಟು ಚಂದದ ಬೆಳಗು! ದಂಡೆಯ ಮುಳ್ಳುಪೊದೆಗಳು ಬಿಳಿ ಹೂ ಬಿಟ್ಟಿದ್ದವು, ಹೂವು ಎಲ್ಲಿ ಮುಗಿಯಿತು ಹಿಮ ಎಲ್ಲಿ ಸುರುವಾಯಿತು ಎಂದು ಮುಟ್ಟಿಯೇ ನೋಡಬೇಕು. ಮನೆಗಳು ಹಿಂದೆ ಬಿದ್ದು ಬಯಲು ಸುರುವಾಯಿತು. ಬಿಸಿಲಿಗೆ ಹೊಲವೆಲ್ಲ ಹೊಳೆಯಿತು. ಹತ್ತಿ ಒಡೆದ ಹೊಲ ಹೀಗೇ ಕಾಣುತ್ತದೆ. ಚಿಕ್ಕವನಿದ್ದಾಗ ಹತ್ತಿ ಬಿಡಿಸಲು ಹೋಗಿ ಬೆರಳೆಲ್ಲ ಗೀರಿಸಿಕೊಂಡು ಅಳುತ್ತಿದ್ದೆ, ಆಗ ಆ ಬಿಳುಪು ಚಂದವಾಗಿ ಕಂಡದ್ದಿಲ್ಲ. ಕೊಂಬೆಗಳಿಂದ ಹಿಮ ಜಾರಿ ತಲೆಯ ಮೇಲೆ ಬೀಳುತ್ತಿತ್ತು. ಎರಡು ಹಂಸಗಳು ನೀರಿನಲ್ಲಿ ನನ್ನ ಜೊತೆಗೇ ಸ್ವಲ್ಪ ದೂರ ಬಂದವು, ಬುತ್ತಿಯ ಗಂಟು ಕಂಡಿರಬೇಕು.

ಅರ್ಧ ದಾರಿಯಲ್ಲಿ ಒಂದು ಕಡೆ ರೋಬರ್ಟನ ಹೆಜ್ಜೆ ತಿರುಗಿತ್ತು. ನಾಲ್ಕು ಹೆಜ್ಜೆ ಹಿಂದಕ್ಕೆ, ಸೇತುವೆಯ ಕಡೆಗೆ. ಅಲ್ಲಿ ನಿಂತ ಗುರುತು. ಮತ್ತೆ ಮುಂದಕ್ಕೆ. ಅಲ್ಲಿ ನಾನೂ ನಿಂತೆ. ಏನು ಹೇಳಬೇಕೆಂದು ಮನೆಯಿಂದ ಯೋಚಿಸಿಕೊಂಡು ಬಂದಿದ್ದ ಮಾತೆಲ್ಲ ಅಲ್ಲಿ ಮರೆತೆ.

ಲಾಕಿನ ಹತ್ತಿರದ ಬೆಂಚಿನಲ್ಲಿ ಅವನು ಕೂತಿದ್ದ. ಉಣ್ಣೆಯ ಟೊಪ್ಪಿಗೆ, ದಪ್ಪ ಕೋಟು, ಮೊಣಕಾಲಿನವರೆಗಿನ ಬೂಟು. ಎರಡು ವರ್ಷದಲ್ಲಿ ಸೊರಗಿದ್ದ. ಬೆಂಚಿನ ಮೇಲಿನ ಹಿಮವನ್ನು ಈ ತುದಿಯಿಂದ ಆ ತುದಿಯವರೆಗೆ ಕೈಯಿಂದ ಬಳಿದು ಹಾಕಿದ್ದ. ಒಬ್ಬನಿಗೆ ಅಷ್ಟು ಜಾಗ ಬೇಕಾಗುವುದಿಲ್ಲ.

"ಬಂದ್ರಾ" ಎಂದ. ನನಗೆ ಅವನು ಎಂದೂ ಬಹುವಚನ ಹಚ್ಚಿದವನಲ್ಲ.

"ಸೇತುವಿ ಹತ್ರ ನಿಲ್ಲೂದಿತ್ತಲ್ಲೋ."

"ನಿಂತಿದ್ದೆ. ಒಂಬತ್ತಾದರೂ ನೀವು ಬಾರದಿದ್ದರೆ ಎಂತ ಮಾಡುವುದು? ನಡೆದರೆ ಚಳಿಯಾದರೂ ಆಗುವುದಿಲ್ಲ." ಆಮೇಲೆ ನನ್ನ ಕಾಲು ನೋಡಿದ. ಶೂ ಮೇಲಿಂದ ಬ್ರೆಡ್ಡಿನ ಚೀಲ ಹೊರಗೆ ಬಂದಿತ್ತು. "ಇದೆಂತದು? ಕಾಲಲ್ಲಿ ಹೋಲ್‌ಮೀಲ್ ಬ್ರೆಡ್ ಅಂತ ಬರೆದುಂಟು."

"ಬೂಟ ಅಟ್ಟದಾಗ ಅದಾವ."

"ಶಿವಶಿವಾ" ಎಂದು ಮುಖ ಆ ಕಡೆ ತಿರುಗಿಸಿದ. ನಗುತ್ತಿದ್ದನೋ ಏನೋ, ಟೊಪ್ಪಿಗೆಯ ಹಿಂಭಾಗ ಮಾತ್ರ ಕಂಡಿತು.

ನಾನು ಕೂತೆ. ಅವನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ನನ್ನ ಮುಂದಿಟ್ಟ. ನಾನು ಗಂಟು ಬಿಚ್ಚಿ ಇಬ್ಬರ ನಡುವೆ ಬುತ್ತಿ ಹರವಿದೆ. ಎಣ್ಣೆಗಾಯಿಯ ವಾಸನೆ ಚಳಿಯಲ್ಲಿ ಇನ್ನೂ ಜೋರಾಗಿ ಎದ್ದಿತು.

"ತಗೋ" ಎಂದೆ.

"ಬೇಡ. ನನ್ನದು ಊಟ ಆಗಿದೆ."

ಅವನು ನೀರಿನ ಬಾಗಿಲ ಕಡೆ ನೋಡುತ್ತಿದ್ದ. ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿಲ್ಲ ಎಂದು ನನಗೆ ಗೊತ್ತಿತ್ತು. ಹೆಂಗಸರಿಂದ ಬಂದ ಸುದ್ದಿ, ತಪ್ಪಾಗುವುದಿಲ್ಲ. ಸುಳ್ಳು ಹೇಳಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ನಮ್ಮ ಕಡೆ ಉಣ್ಣಲು ಒತ್ತಾಯ ಮಾಡುವುದರಲ್ಲಿ ಯಾರಿಗೂ ಕಡಿಮೆಯಿಲ್ಲ, ಅದನ್ನೂ ಮಾಡಲಿಲ್ಲ. ಪಾರ್ವತೆವ್ವ ಬೆಳಿಗ್ಗೆ ಬಡಿದ ರೊಟ್ಟಿ ನನ್ನ ಕಣ್ಣ ಮುಂದೆ ಗಾಳಿಗೆ ಒಣಗುತ್ತಿತ್ತು. ಎಣ್ಣೆಗಾಯಿಯ ಮೇಲೆ ಎಣ್ಣೆ ಗಟ್ಟಿಯಾಗುತ್ತಿತ್ತು. ಒಂದು ಬಾತುಕೋಳಿ ಬಂದು ನಮ್ಮಿಬ್ಬರನ್ನೂ ನೋಡಿ ಹೋಯಿತು.

ಕೊನೆಗೆ ಅವನೇ ಕೇಳಿದ. "ಹೇಗಾಗ್ತದೆ?"

"ಎದಿಯಾಗ ಕಲ್ಲಿಟ್ಟಂಗ ಆಗ್ತೈತಿ."

"ನನ್ನದು ನಾಲ್ಕು ತಟ್ಟೆ ಇತ್ತು. ಇನ್ನೂರು ಜನರ ಎದುರು. ಕೇಟರಿಂಗಿನವ ಕೇಳಿದ, ಸರ್, ಈ ಗ್ರೀನ್ ಟೇಬಲ್ ಎಂತ ಮಾಡುವುದು ಅಂತ. ನಾನು ಎಂತ ಹೇಳಲಿ? ಆ ದಿನ ಮಗಳನ್ನು ಕಳಿಸಿಕೊಟ್ಟು ಅಳಬೇಕಾದವ, ನಾನು ಹೋಗಿ ಪನೀರ್ ನೋಡಿ ಅತ್ತೆ ಮಾರಾಯ. ಅನ್ನೆಟ್ ನಕ್ಕಳು."

"ನನಗ ಗೊತ್ತಿರಲಿಲ್ಲೋ ರೋಬರ್ಟಾ. ನಿನಗ ತ್ರಾಸ ಆಗಬಾರದಂತ ಮನ್ಯಾಗ ಎರಡ ರೊಟ್ಟಿ ತಿಂದ ಬಂದಿದ್ದೆ."

"ತ್ರಾಸ! ಇಪ್ಪತ್ತಾರು ವರ್ಷ ಮುಖ ಗೊತ್ತಿಲ್ಲದವರ ತಟ್ಟೆಗೆ ಚೀಟಿ ಅಂಟಿಸಿದವ ನಾನು. ಒಂದು ದಿನ ನಿನಗೆ ಅಂಟಿಸಿದರೆ ತ್ರಾಸವಾ?"

"ತಪ್ಪಾತು. ಕೇಳಬೇಕಿತ್ತು. ಕೇಳಲಿಲ್ಲ. ಗೊತ್ತಾದ ಮ್ಯಾಲೂ ಒಂದ ವಾರ ಅಂಜಿ ಕೂತೆ."

"ನಾನೂ ಅಷ್ಟೇ" ಎಂದ. "ಆ ದಿನವೇ ನಿನ್ನ ಕಾಲರ್ ಹಿಡಿದು ಕೂರಿಸಬೇಕಿತ್ತು. ಮೂತಿ ಉಬ್ಬಿಸಿಕೊಂಡು ಕೂತೆ. ಕೊಡು ಇಲ್ಲಿ, ಆ ಬದನೆ ಹೆಪ್ಪುಗಟ್ಟುವ ಮೊದಲು."

"ಊಟ ಆಗೈತಂದಿ?"

"ಆಗಿದೆ. ಇದು ಎರಡನೇದು."

ಐದು ರೊಟ್ಟಿ ತಿಂದ. ನನಗೆ ಮೂರು ಉಳಿದವು. ಶೇಂಗಾ ಚಟ್ನಿಯ ಡಬ್ಬಿಯನ್ನು ಬೆರಳಿನಿಂದ ಬಳಿದ. "ಹೇಗೂ ಈಗ ತಪಸ್ಸುಕಾಲ, ಈಸ್ಟರ್ ತನಕ ನಾನೂ ಮಾಂಸ ಬಿಟ್ಟಿದ್ದೇನೆ. ಈ ನಲವತ್ತು ದಿನ ನಾನೂ ಲಿಂಗಾಯತನೇ" ಎಂದ. ಹಳೆಯ ತಮಾಷೆ. ಪ್ರತಿ ವರ್ಷ ಹೇಳುತ್ತಿದ್ದ, ಎರಡು ವರ್ಷ ಕೇಳಿರಲಿಲ್ಲ.

ತಿರುಗಿ ಬರುವಾಗ ದಂಡೆ ಬಿಟ್ಟು ಕಾಡಿನ ನಡುವಿನ ದಾರಿ ಹಿಡಿದೆವು, ಅದು ಸ್ವಲ್ಪ ಉದ್ದ. ಬಿಸಿಲೇರಿ ಮರಗಳೆಲ್ಲ ತೊಟ್ಟಿಕ್ಕುತ್ತಿದ್ದವು. ಹತ್ತಿ ಹೊಲದಂತಿದೆ ಎಂದು ನಾನು ಹೇಳಿದ್ದಕ್ಕೆ, "ಹತ್ತಿಯಂತೆ ಹತ್ತಿ. ಇದು ತೆಂಗಿನಕಾಯಿ ತುರಿ. ನಮ್ಮಲ್ಲಿ ಮದುವೆಯ ಹಿಂದಿನ ದಿನ ತುರಿದು ರಾಶಿ ಹಾಕುತ್ತಾರಲ್ಲ, ಹಾಗೆ" ಎಂದ. ಇದು ಕೂಡ ಹದಿನೇಳು ವರ್ಷದ ಹಳೆಯ ಜಗಳ. ಇಬ್ಬರೂ ಸೋಲಲಿಲ್ಲ. ಒಂದು ಇಳಿಜಾರಿನಲ್ಲಿ ಬೆಳಿಗ್ಗೆ ನೋಡಿದ ಹೆಣ್ಣುಮಕ್ಕಳು ಟ್ರೇ ಮೇಲೆ ಕೂತು ಜಾರುತ್ತಿದ್ದರು. ಅವರ ಕಡೆಗೇ ನೋಡುತ್ತ ನಡೆದ ನಾನು ಕಾಲು ಜಾರಿ ಕುಳಿತೆ. ಬ್ರೆಡ್ಡಿನ ಚೀಲ ಹರಿದು ಬಲಗಾಲು ನೆನೆಯಿತು. ರೋಬರ್ಟ್ ಕೈಕೊಟ್ಟು ಎಬ್ಬಿಸುವ ಮೊದಲು ಹೊಟ್ಟೆತುಂಬ ನಕ್ಕ, ಆ ಮಕ್ಕಳೂ ನಕ್ಕರು.

"ಬ್ರಿಸ್ಟಲ್‌ನಾಗ ಸ್ನೋ ಬೀಳ್ತೈತೇನ?" ಎಂದು ಕೇಳಿದೆ.

"ಕಡಿಮೆ ಅಂತೆ. ಮಳೆಯೇ ಹೆಚ್ಚು."

"ಕಾಲುವಿ?"

"ಉಂಟು. ಆದರೆ ಅಲ್ಲಿ ಯಾರುಂಟು?"

ಮಧ್ಯಾಹ್ನ ಹನ್ನೆರಡಕ್ಕೆ ಸೇತುವೆ ಹತ್ತಿರ ಬಂದೆವು. ಅಷ್ಟರಲ್ಲಿ ದಂಡೆಯ ದಾರಿ ಕೆಸರಾಗಿತ್ತು, ಬೆಳಗಿನ ಹೆಜ್ಜೆ ಒಂದೂ ಇರಲಿಲ್ಲ. ಮುಳ್ಳುಪೊದೆಗಳಲ್ಲಿ ಹೂವು ಮಾತ್ರ ಉಳಿದಿತ್ತು. ಅವನು ಖಾಲಿ ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟ. "ಇದು ನಿನ್ನ ಹತ್ತಿರ ಇರಲಿ. ಇನ್ನು ಚಹಾ ಸಹ ನೀನೇ ತರಬೇಕು" ಎಂದ. ಬುತ್ತಿಯ ಬಟ್ಟೆ ನಾನು ಅವನಿಗೆ ಕೊಟ್ಟೆ. ಬೇರೆ ಏನೂ ನನ್ನ ಕೈಯಲ್ಲಿರಲಿಲ್ಲ.

ಶುಕ್ರವಾರ ಅವರ ವ್ಯಾನು ಹೋಯಿತು. ಹಿಂದಿನ ದಿನ ಪಾರ್ವತೆವ್ವನೂ ನಾನೂ ಅವರ ಮನೆಗೆ ಹೋಗಿ, ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕೂತು ಅನ್ನೆಟ್ ಮಾಡಿದ ಅನ್ನ, ತೊವ್ವೆ ಉಂಡು ಬಂದೆವು. ಅಂದು ಮನೆಯಲ್ಲಿ ಏನೂ ತಿಂದು ಹೋಗಿರಲಿಲ್ಲ.

ಎರಡು ವರ್ಷದ ಭಾನುವಾರಗಳನ್ನು ಎಣಿಸಿದರೆ ನೂರಕ್ಕೆ ಮೇಲಾಗುತ್ತವೆ. ಪ್ರತಿ ಭಾನುವಾರ, ಅವನ ಚರ್ಚ್ ಮುಗಿದ ಮೇಲೆ, ನಾವು ಆ ದಂಡೆಯ ಮೇಲೆ ನಡೆಯುತ್ತಿದ್ದವರು. ಅವೆಲ್ಲ ಹೋದವು, ತಿರುಗಿ ಬರುವುದಿಲ್ಲ. ಸಿಕ್ಕಿದ್ದು ಒಂದು ಶನಿವಾರದ ಎರಡು ತಾಸು, ಮತ್ತು ಗೆಳೆಯ. ಅವನು ಈಗ ನೂರು ಮೈಲಿ ದೂರದಲ್ಲಿದ್ದಾನೆ.